ಪಾಠಕ್ಕೊಂದು ದೀಪ

ಕೆಂಪಗಟ್ಟಿಯ ಶಾಲೆಯಲ್ಲಿ ಪಾಠ ಮುಗಿದ ಮೇಲೆ ಮಾಸ್ತರರು ‘ತಿಳೀತೇನ್ರೋ’ ಎಂದು ಕೇಳುವುದು ನಿಂತು ಹನ್ನೆರಡು ವರ್ಷವಾಗಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಪ್ರತಿ ಮಗುವಿನ ಹಣೆಗೆ ಬೆರಳಗಲದ ಒಂದು ಪಟ್ಟಿ, ಅದರ ಡೆಸ್ಕಿನ ಮೂಲೆಗೆ ಬಟಾಣಿ ಕಾಳಿನಷ್ಟು ಒಂದು ದೀಪ. ಪಾಠ ತಲೆಗೆ ಹೋದ ಗಳಿಗೆಗೆ ದೀಪ ಹಸಿರಾಗಿ ಹತ್ತುತ್ತಿತ್ತು. ಹಿಂದಿನ ಕಾಲದ ಮಕ್ಕಳು ಒಂದಕ್ಷರ ತಿಳಿಯದಿದ್ದರೂ ‘ತಿಳೀತ್ರೀ ಸರ’ ಎಂದು ರಾಗವಾಗಿ ಹೇಳಿ ಪಾರಾಗುತ್ತಿದ್ದರು. ಆ ಸುಖ ಈ ಕಾಲದವರಿಗೆ ಇಲ್ಲ.

ಪಟ್ಟಿಯ ಗುಟ್ಟು ಬಲು ಸರಳ. ಮನುಷ್ಯನಿಗೆ ಯಾವುದೇ ವಿಷಯ ತಿಳಿದ ಕ್ಷಣದಲ್ಲಿ ಮಿದುಳಿನ ಮುಂಭಾಗವೂ ಪಕ್ಕದ ಭಾಗವೂ ಕಣ್ಣೆವೆ ಮಿಟುಕುವಷ್ಟು ಹೊತ್ತು ಒಟ್ಟಿಗೆ ಮಿಡಿಯುತ್ತವೆ. ಆ ಮಿಡಿತವನ್ನು ಪಟ್ಟಿ ಹಿಡಿಯುತ್ತದೆ. ಆದರೆ ತಲೆಯೊಳಗೆ ಅದೊಂದೇ ಮಿಡಿತ ಇರುವುದಿಲ್ಲ. ಕಣ್ಣು ತಿರುಗಿಸಿದರೆ ಒಂದು ಅಲೆ, ಕೈ ಆಡಿಸಿದರೆ ಇನ್ನೊಂದು, ಹಸಿವಾದರೆ ಮತ್ತೊಂದು. ಇವನ್ನೆಲ್ಲ ಸೋಸಿ ತೆಗೆಯುವ ಒಂದು ಲೆಕ್ಕಾಚಾರ ಯಂತ್ರದೊಳಗೆ ಇತ್ತು. ಅದಕ್ಕೆ ಎಲ್ಲರೂ ಜರಡಿ ಎನ್ನುತ್ತಿದ್ದರು.

ಜರಡಿಯನ್ನು ಕಟ್ಟಿದವಳು ನೀಲಾಂಬಿಕಾ ಹೂಗಾರ. ಆಗ ಅವಳಿಗೆ ಇಪ್ಪತ್ತಾರು, ಈಗ ಮೂವತ್ತೆಂಟು. ಅಂದಿನಿಂದಲೂ ಅವಳೇ ಜಿಲ್ಲೆಯ ಅರಿವು ಕೇಂದ್ರದ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ. ಅವಳ ಎದುರಿನ ಗೋಡೆಯ ಮೇಲೆ ನಲವತ್ತು ಶಾಲೆಗಳ ಐದು ಸಾವಿರ ದೀಪಗಳು ಮಿನುಗುತ್ತಿದ್ದವು. ಗಣಿತದ ಮೊದಲ ತಾಸಿಗೆ ಗೋಡೆ ಪೂರ್ತಿ ಮಂಕು, ಊಟಕ್ಕೆ ಮುಂಚೆ ಗೋಡೆ ಪೂರ್ತಿ ಹಸಿರು. ಅದನ್ನು ನೋಡಿ ಅವಳಿಗೆ ಪ್ರತಿದಿನವೂ ಹೆಮ್ಮೆಯಾಗುತ್ತಿತ್ತು, ಅದರಲ್ಲಿ ತಪ್ಪೇನೂ ಇಲ್ಲ.

ಹೆಮ್ಮೆಯ ನಡುವೆ ಒಂದು ಮುಳ್ಳಿತ್ತು. ನಾಲ್ಕನೆಯ ತರಗತಿಗೆ ಕಾಲಿಟ್ಟ ಮೇಲೆ ತೊಂಬತ್ತು ದಿನ ಒಮ್ಮೆಯೂ ದೀಪ ಹತ್ತದ ಮಗುವನ್ನು ಊರ ಶಾಲೆಯಿಂದ ಬಿಡಿಸಿ ಇನ್ನೂರು ಕಿಲೋಮೀಟರ್ ಆಚೆಯ ಅನುಕೂಲ ನಿಲಯಕ್ಕೆ ಕಳಿಸಬೇಕು ಎಂಬುದು ನಿಯಮ. ಅಲ್ಲಿ ಅಂಥ ಮಕ್ಕಳಿಗಾಗಿಯೇ ಬೇರೆ ಪಾಠ, ಬೇರೆ ಊಟದ ಮನೆ, ಬೇರೆ ಆಟದ ಬಯಲು. ವರ್ಷಕ್ಕೆರಡು ಸಲ ಮನೆಗೆ ಬರಬಹುದು. ಆಜ್ಞೆಗೆ ನಿಯಂತ್ರಣ ಕೊಠಡಿಯ ಮುಖ್ಯಸ್ಥೆಯ ಮುದ್ರೆ ಬೀಳಬೇಕು. ಹನ್ನೆರಡು ವರ್ಷದಲ್ಲಿ ನೀಲಾಂಬಿಕಾ ಅಂಥ ನೂರ ಆರು ಮುದ್ರೆ ಒತ್ತಿದ್ದಳು. ಮಕ್ಕಳ ಒಳ್ಳೆಯದಕ್ಕೇ ಒತ್ತಿದೆ ಎಂದುಕೊಂಡಿದ್ದಳು.

ಈ ವರ್ಷ ದೀಪ ಹತ್ತದವರ ಯಾದಿಯಲ್ಲಿ ಹನ್ನೊಂದು ಹೆಸರು ಇದ್ದವು. ಮೂರನೆಯ ಹೆಸರು ಕಸ್ತೂರಿ ಹೂಗಾರ, ವಯಸ್ಸು ಒಂಬತ್ತು, ಶಾಲೆ ಕೆಂಪಗಟ್ಟಿ. ಉಳಿದವರ ಹಾಗೆ ಅವಳ ದೀಪವೂ ಮಂಕಾಗಿ ಎಪ್ಪತ್ತೊಂದು ದಿನವಾಗಿತ್ತು. ಕಸ್ತೂರಿ ನೀಲಾಂಬಿಕಾಳ ಅಣ್ಣನ ಮಗಳು, ಅವಳೊಟ್ಟಿಗೆ ಒಂದೇ ಮನೆಯಲ್ಲಿ ಬೆಳೆಯುತ್ತಿದ್ದ ಕೂಸು.

ಅಣ್ಣ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆ ನಡೆಸುತ್ತಿದ್ದವಳು ಅವನ ಹೆಂಡತಿ, ವೈನಿ ದಾನಮ್ಮ. ಹೂಗಾರರ ಮನೆಯಲ್ಲಿ ಬೆಳಗಾಗುವುದೇ ಹೂವಿನಿಂದ. ಕೋಳಿ ಕೂಗುವ ಹೊತ್ತಿಗೆ ಸೇವಂತಿಗೆ, ಅಬ್ಬಲಿಗೆ, ಕಾಕಡಾ ಬುಟ್ಟಿಗಳು ಪಡಸಾಲೆಗೆ ಬಂದಿರುತ್ತಿದ್ದವು, ಬಾಳೆನಾರು ನೀರಿನಲ್ಲಿ ನೆನೆದಿರುತ್ತಿತ್ತು. ದಾನಮ್ಮನ ಪಕ್ಕದಲ್ಲಿ ಕಸ್ತೂರಿ ಕುಳಿತು ಹೂ ಕಟ್ಟುವಳು.

ಕಸ್ತೂರಿಯ ಕೈಗಳು ಸುಮ್ಮನೆ ಇದ್ದದ್ದನ್ನು ಯಾರೂ ಕಂಡಿಲ್ಲ. ಹೂವಿದ್ದರೆ ಹೂ, ಇಲ್ಲದಿದ್ದರೆ ಅಂಗಿಯ ಅಂಚು, ಅದೂ ಇಲ್ಲದಿದ್ದರೆ ಬರಿ ಗಾಳಿ. ಬೆರಳು ಏನನ್ನೋ ಹೆಣೆಯುತ್ತಲೇ ಇರಬೇಕು. ಮಾತು ಕಡಿಮೆ. ಕರೆದರೆ ಮೂರನೆಯ ಸಲಕ್ಕೆ ಓಗೊಡುವಳು. ಮೂವರು ವೈದ್ಯರು ಮೂರು ಹೆಸರು ಬರೆದುಕೊಟ್ಟಿದ್ದರು. ದಾನಮ್ಮ ಆ ಮೂರೂ ಚೀಟಿಗಳನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು, ಮಗಳನ್ನು ಮೊದಲಿನಂತೆಯೇ ಕಸ್ತೂರಿ ಎಂದೇ ಕರೆಯುತ್ತಿದ್ದಳು.

ಎಪ್ಪತ್ತೆರಡನೆಯ ದಿನದ ಬೆಳಿಗ್ಗೆ ನೀಲಾಂಬಿಕಾ ಚಹಾ ಹಿಡಿದು ಪಡಸಾಲೆಯ ಹೊಸ್ತಿಲಲ್ಲಿ ಕುಳಿತಿದ್ದಳು. ದಾನಮ್ಮ ಒಳಗಿನಿಂದಲೇ ಮಗಳಿಗೆ ಹೇಳಿದಳು, ನಾಲ್ಕು ಮೊಳದ ಮಾಲೆ ಇದೆಯಲ್ಲ, ಅದನ್ನು ಮೂರು ಮನೆಗೆ ಸಮ ಮಾಡಿ ಕೊಡು ಎಂದು. ಕಸ್ತೂರಿ ಮಾಲೆಯನ್ನು ಮೊಣಕೈಗೆ ಹಿಡಿದು ಒಂದು ಮೊಳ ಅಳೆದಳು, ಮುಂದಿನ ಮೊಳವನ್ನು ಬೆರಳಿನಲ್ಲಿ ಮಡಿಚಿ ಮಡಿಚಿ ಒಂದು ಜಾಗದಲ್ಲಿ ದವನದ ಎಸಳು ಸಿಕ್ಕಿಸಿದಳು. ಹಾಗೆಯೇ ಇನ್ನೊಂದು ಎಸಳು. ಆಮೇಲೆ ಎರಡೂ ಕಡೆ ಕತ್ತರಿಸಿದಳು. ಮೂರು ತುಂಡು, ಒಂದೇ ಉದ್ದ.

ಹೇಗೆ ಗೊತ್ತಾಯಿತೆಂದು ನೀಲಾಂಬಿಕಾ ಕೇಳಿದಳು. ಮೂರು ಸಲ ಕೇಳಿದ ಮೇಲೆ ಕಸ್ತೂರಿ ತಲೆ ಎತ್ತದೆ ಹೇಳಿದಳು.

“ಒಂದು ಮೊಳ. ಆಮ್ಯಾಲೆ ಮೊಳಾನ ಮೂರು ಮಾಡಿ ಅದರಾಗ ಒಂದು. ಮಾಸ್ತರು ಹೇಳ್ಯಾರಲ್ಲ ಅತ್ತಿ, ನಾಕನ್ನ ಮೂರಕ್ಕ ಹಂಚಿದ್ರ.”

ನೀಲಾಂಬಿಕಾಳ ಚಹಾ ಅಲ್ಲೇ ಆರಿತು. ಹಿಂದಿನ ವಾರ ಆ ಪಾಠ ನಡೆದಾಗ ಕಸ್ತೂರಿಯ ದೀಪ ಮಂಕಾಗಿಯೇ ಇತ್ತು. ಯಂತ್ರದ ದಾಖಲೆಯ ಪ್ರಕಾರ ಈ ಕೂಸಿಗೆ ಭಿನ್ನರಾಶಿಯ ಒಂದಕ್ಷರವೂ ತಿಳಿದಿಲ್ಲ.

ಅಂದು ಮಧ್ಯಾಹ್ನ ಅವಳು ಕೇಂದ್ರದಿಂದ ಒಂದು ಹೆಚ್ಚುವರಿ ಪಟ್ಟಿಯನ್ನೂ ಅದರ ದೀಪವನ್ನೂ ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಹೂ ಕಟ್ಟುವಾಗ ಕಸ್ತೂರಿಯ ಹಣೆಗೆ ಅದನ್ನು ಕಟ್ಟಿ ಮತ್ತೆ ಲೆಕ್ಕ ಕೇಳಿದಳು. ಕಸ್ತೂರಿ ಸರಿಯಾಗಿ ಕತ್ತರಿಸಿದಳು. ದೀಪ ಹತ್ತಲಿಲ್ಲ. ಐದು ಮೊಳವನ್ನು ನಾಲ್ಕು ಮನೆಗೆ ಹಂಚಿಸಿದಳು. ಸರಿ ಬಂತು. ದೀಪ ಹತ್ತಲಿಲ್ಲ. ಕಣ್ಣೆದುರು ಉತ್ತರ ಇದೆ, ದೀಪ ಮಾತ್ರ ಇಲ್ಲ ಎನ್ನುತ್ತಿದೆ. ಸುಳ್ಳು ಹೇಳುತ್ತಿರುವುದು ಕೂಸಲ್ಲ ಎನ್ನುವುದು ಅವಳಿಗೆ ಖಾತ್ರಿಯಾಯಿತು.

ಕೇಂದ್ರಕ್ಕೆ ಹೋದವಳೇ ಅವಳು ಜರಡಿಗೆ ಬೀಳುವ ಮೊದಲಿನ ಹಸಿ ದಾಖಲೆಯನ್ನು ತೆಗೆಸಿದಳು. ಪರದೆಯ ಮೇಲೆ ಕಸ್ತೂರಿಯ ತಲೆಯ ಅಲೆಗಳು ಅಡ್ಡಾದಿಡ್ಡಿ ಓಡುತ್ತಿದ್ದವು. ಕೈ ಆಡಿಸುವ ಅಲೆ ದೊಡ್ಡದು, ನಿಲ್ಲದ್ದು. ಮಾಲೆಯನ್ನು ಮಡಿಚಿ ದವನ ಸಿಕ್ಕಿಸಿದ ಆ ಕ್ಷಣದಲ್ಲಿ ಅದರ ಬೆನ್ನೇರಿ ಇನ್ನೊಂದು ಮಿಡಿತ ಬಂದಿತ್ತು. ಮಿದುಳಿನ ಮುಂದೂ ಪಕ್ಕವೂ ಒಟ್ಟಿಗೆ, ಸ್ಪಷ್ಟವಾಗಿ. ತಿಳಿದದ್ದಕ್ಕೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಆದರೆ ಜರಡಿ ಕೈಯ ಅಲೆಯನ್ನು ಕಸವೆಂದು ಎತ್ತಿ ಎಸೆಯುವಾಗ ಬೆನ್ನ ಮೇಲಿದ್ದುದನ್ನೂ ಜತೆಗೇ ಎಸೆದಿತ್ತು.

ಕೈಯ ಅಲೆ ಕಸವೆಂದು ಜರಡಿಗೆ ಕಲಿಸಿದ್ದು ಯಾವಾಗ? ಅವಳು ಹನ್ನೆರಡು ವರ್ಷದ ಹಿಂದಿನ ಚಿತ್ರೀಕರಣ ಹುಡುಕಿ ಹಾಕಿದಳು. ಯಂತ್ರಕ್ಕೆ ಅರಿವಿನ ಮಿಡಿತ ಎಂದರೇನೆಂದು ಕಲಿಸಲು ಆಗ ನಾಲ್ಕು ಸಾವಿರ ಮಕ್ಕಳ ತಲೆಗೆ ಪಟ್ಟಿ ಕಟ್ಟಿದ್ದರು. ಪರದೆಯ ಮೇಲೆ ಒಂದಾದ ಮೇಲೊಂದು ತರಗತಿ ಬಂತು. ಬಾಗಿಲಲ್ಲಿ ಕೇಂದ್ರದ ಜೀಪು ನಿಂತದ್ದೇ ತಡ, ಮಾಸ್ತರರು ಮೇಜು ಕುಟ್ಟುವುದು, ಮಕ್ಕಳೆಲ್ಲ ಎದೆಗೆ ಕೈ ಕಟ್ಟಿ ಕಂಬದ ಹಾಗೆ ಕೂಡುವುದು. ಹೊರಗಿನವರು ಯಾರು ಬಂದರೂ ನಮ್ಮ ಶಾಲೆಗಳಲ್ಲಿ ಹಾಗೆಯೇ. ಕೈ ಕಟ್ಟಿದ ಮಗುವೇ ಒಳ್ಳೆಯ ಮಗು. ಎಲ್ಲೋ ಒಂದು ಕಡೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಬೆರಳು ಮಡಿಚಿ ಎಣಿಸುತ್ತಿದ್ದಳು. ಆಗ ಚಿತ್ರದ ಅಂಚಿನಿಂದ ಚೂಡಿದಾರದ ಯುವತಿಯೊಬ್ಬಳು ಬಂದು, ಅಲೆಗಳಲ್ಲಿ ಗದ್ದಲ ಬರುತ್ತದೆಂದು, ನಗುನಗುತ್ತಲೇ ಹೇಳಿದಳು.

“ಕೈ ಕಟ್ಟಬೇಕವ್ವಾ. ಶ್ಯಾಣ್ಯಾರು ಕೈ ಕಟ್ಟಿ ಕುಂಡ್ರತಾರ.”

ಅದು ನೀಲಾಂಬಿಕಾಳದೇ ದನಿ. ನಾಲ್ಕು ಸಾವಿರ ಮಕ್ಕಳಲ್ಲಿ ಕೈ ಬಿಟ್ಟು ಕುಳಿತ ಒಂದು ಮಗುವಿನ ಅರಿವೂ ಯಂತ್ರಕ್ಕೆ ಸಿಕ್ಕಿರಲಿಲ್ಲ. ಕೈ ಕಟ್ಟಿದರೆ ಕಸ್ತೂರಿಗೆ ತಿಳಿಯದು. ಕೈ ಬಿಟ್ಟರೆ ಅವಳಿಗೆ ತಿಳಿದದ್ದು ಯಂತ್ರಕ್ಕೆ ತಿಳಿಯದು. ಆ ಎರಡರ ನಡುವೆ ಕೂಸನ್ನು ಸಿಕ್ಕಿಸಿದವಳು ತಾನು. ಅವಳು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು. ನೂರ ಆರು ಮುದ್ರೆಗಳು ನೆನಪಾಗಿ ಇನ್ನೊಮ್ಮೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ನಿರ್ದೇಶಕರ ಕೋಣೆಗೆ ಹೋದಳು.

ನಿರ್ದೇಶಕ ಡಾ. ಶ್ರೀಪಾದ ಗಲಗಲಿ ಪಟ್ಟಿಯನ್ನು ಕಂಡುಹಿಡಿದವರು. ಕೆಟ್ಟವರಲ್ಲ. ಅವರ ತಮ್ಮನೊಬ್ಬ ಏಳು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು, ಓದಲು ಬಾರದೆಂಬುದು ಯಾರ ಗಮನಕ್ಕೂ ಬಾರದೆ, ಒಂದು ದಿನ ಶಾಲೆ ಬಿಟ್ಟು ಹೋಗಿದ್ದ. ಇನ್ನು ಯಾವ ಮಗುವೂ ಹಾಗೆ ಯಾರ ಕಣ್ಣಿಗೂ ಬೀಳದೆ ಹೋಗಬಾರದೆಂದು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡು ಈ ದೀಪ ಮಾಡಿದ್ದರು. ನೀಲಾಂಬಿಕಾ ಹಸಿ ದಾಖಲೆಯನ್ನೂ ಹಳೆಯ ಚಿತ್ರವನ್ನೂ ತೋರಿಸಿದಾಗ ಅವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ತಪ್ಪು ಒಪ್ಪಿಕೊಳ್ಳಲು ತಡ ಮಾಡಲಿಲ್ಲ. ಜರಡಿ ಬದಲಿಸಲು ಅಂದೇ ಅಪ್ಪಣೆ ಕೊಟ್ಟರು.

ಎಂಟು ದಿನ ನೀಲಾಂಬಿಕಾ ಊಟ ತಿಂಡಿ ಮರೆತು ಕೂತಳು. ಎಂಬತ್ತೊಂದನೆಯ ದಿನ ಹೊಸ ಜರಡಿ ನಲವತ್ತೂ ಶಾಲೆಗಳಿಗೆ ಹೋಯಿತು. ಮಕ್ಕಳು ಕೈ ಕಟ್ಟಕೂಡದು ಎಂಬ ಸುತ್ತೋಲೆಯೂ ಹೋಯಿತು. ಅದನ್ನು ಓದಿ ಕೆಲವು ಮಾಸ್ತರರಿಗೆ ಜಗತ್ತೇ ಮುಳುಗಿದ ಹಾಗಾಯಿತು. ಅಂದು ನೀಲಾಂಬಿಕಾ ಖುದ್ದಾಗಿ ಕೆಂಪಗಟ್ಟಿ ಶಾಲೆಯ ಕಿಟಕಿಯ ಹೊರಗೆ ನಿಂತಳು.

ಒಳಗೆ ಮಾಚಕನೂರ ಮಾಸ್ತರರ ಪಾಠ ನಡೆದಿತ್ತು. ಮೂವತ್ತು ವರ್ಷದ ಅನುಭವ, ಊರಿಗೇ ಕೇಳುವ ಗಂಟಲು. ಮಕ್ಕಳಿಗೆ ತಿಳಿಯದಿದ್ದರೆ ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳುವುದು ಅವರ ಕ್ರಮ. ಕಸ್ತೂರಿ ಬಾಳೆನಾರಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಮಾಸ್ತರರು ಆರನ್ನು ನಾಲ್ಕಕ್ಕೆ ಹಂಚುವಲ್ಲಿಗೆ ಬಂದಾಗ ಬೆರಳು ಒಮ್ಮೆ ನಿಂತಿತು, ಮತ್ತೆ ನಡೆಯಿತು. ಅವಳ ಡೆಸ್ಕಿನ ದೀಪ ಹಸಿರಾಗಿ ಹತ್ತಿತು.

ಕಸ್ತೂರಿ ಅದನ್ನು ನೋಡಲಿಲ್ಲ. ನೋಡಿದವಳು ಪಕ್ಕದಲ್ಲಿ ಕುಳಿತ ಲಗಮವ್ವ. ಅಜ್ಜಿಯ ಹೆಸರಿಟ್ಟುಕೊಂಡ ಹತ್ತು ವರ್ಷದ ಹುಡುಗಿ; ಎಳವೆಯಲ್ಲಿ ಬಂದ ಜ್ವರವೊಂದು ಅವಳ ಮಾತನ್ನೂ ನೆನಪನ್ನೂ ಬಹಳಷ್ಟು ಒಯ್ದಿತ್ತು. ಕಸ್ತೂರಿಯ ದೀಪ ಹತ್ತಿದ್ದು ಕಂಡು ಲಗಮವ್ವ ಎದ್ದು ನಿಂತು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. ಕೈ ಕಟ್ಟದ ತರಗತಿ ಅವಳ ಜೊತೆ ಸೇರಿ ತಟ್ಟಿತು. ಕಿಟಕಿಯ ಹೊರಗೆ ನೀಲಾಂಬಿಕಾಳೂ ತಟ್ಟಿದಳು. ಆಗಲೇ ಅವಳ ಕಣ್ಣು ಲಗಮವ್ವನ ಡೆಸ್ಕಿನ ಮೇಲೆ ಬಿತ್ತು. ಆ ದೀಪ ಮಂಕಾಗಿಯೇ ಇತ್ತು.

ಯಾದಿಯ ಹನ್ನೊಂದು ಮಕ್ಕಳಲ್ಲಿ ಏಳು ಮಂದಿಯ ದೀಪ ಅಂದೇ ಹತ್ತಿತು. ನಾಲ್ಕು ಉಳಿದವು. ಡಾ. ಗಲಗಲಿ ಸಂತೋಷದಿಂದ ಉಬ್ಬಿದ್ದರು. ಉಳಿದ ನಾಲ್ವರ ಆಜ್ಞೆಗೆ ತೊಂಬತ್ತನೆಯ ದಿನ ಮುದ್ರೆ ಒತ್ತಿದರೆ ಕೆಲಸ ಮುಗಿಯಿತೆಂದು ಹೇಳಿ ಕಳಿಸಿದರು. ನಾಲ್ಕರಲ್ಲಿ ಮೊದಲ ಹೆಸರು ಲಗಮವ್ವನದು.

ಅಂದು ಸಂಜೆ ಮನೆಯಲ್ಲಿ ದಾನಮ್ಮ ಸಿಹಿಗೆಂದು ಮಾದಲಿ ಮಾಡಿದ್ದಳು. ಓಣಿಯವರೆಲ್ಲ ಬಂದು ತಿಂದು ಹೋದರು. ಎಲ್ಲರೂ ಹೋದ ಮೇಲೆ ದಾನಮ್ಮ, ಲಗಮವ್ವನದು ಏನಾಯಿತೆಂದು ಕೇಳಿದಳು. ಆಗಲಿಲ್ಲ ಎಂದು ನೀಲಾಂಬಿಕಾ ಹೇಳಿದಳು. ದಾನಮ್ಮ ತಾಟುಗಳನ್ನು ಎತ್ತಿಕೊಂಡಳು. ಪಾತ್ರೆ ತಿಕ್ಕಲು ಹೋದಳು. ಬೈದಿದ್ದರೆ ನೀಲಾಂಬಿಕಾಳಿಗೆ ಹಗುರಾಗುತ್ತಿತ್ತು.

ಮರುದಿನ ಕೊಠಡಿಯಲ್ಲಿ ಕುಳಿತು ಅವಳು ಲಗಮವ್ವನ ಪರವಾಗಿ ಒಂದು ಟಿಪ್ಪಣಿ ಬರೆಯತೊಡಗಿದಳು. ಈ ಮಗು ಯಾರು ಗೈರುಹಾಜರೆಂದು ಎಲ್ಲರಿಗಿಂತ ಮೊದಲು ಗುರುತಿಸುತ್ತದೆ. ಅಳುವ ಮಕ್ಕಳ ಪಕ್ಕ ಹೋಗಿ ಕೂಡುತ್ತದೆ. ಕುಡಿಯುವ ನೀರು ತುಂಬಿಸಿಡುತ್ತದೆ. ಬರೆಯುತ್ತ ಬರೆಯುತ್ತ ಅವಳಿಗೇ ನಾಚಿಕೆಯಾಯಿತು. ತಾನು ಮಾಡುತ್ತಿರುವುದಾದರೂ ಏನು? ಒಂದು ತಕ್ಕಡಿಯಲ್ಲಿ ತೂಗದ ಮಗುವನ್ನು ಇನ್ನೊಂದು ತಕ್ಕಡಿಗೆ ಎತ್ತಿ ಹಾಕುತ್ತಿದ್ದೇನೆ. ನೀರು ತುಂಬಿಸದ ಮಗು ಬಂದರೆ? ಅಳುವವರ ಬಳಿ ಹೋಗದ ಮಗು ಬಂದರೆ? ತನ್ನ ಊರಿನ ಶಾಲೆಯಲ್ಲಿ ತನ್ನ ಗೆಳತಿಯ ಪಕ್ಕದಲ್ಲಿ ಕೂಡಲು ಒಂದು ಮಗು ಯಾವ ಪರೀಕ್ಷೆ ಪಾಸಾಗಬೇಕು? ಅವಳು ಟಿಪ್ಪಣಿಯನ್ನು ಹರಿದು ಹಾಕಿದಳು.

ಮುದ್ರೆ ಒತ್ತುವುದಿಲ್ಲ ಎನ್ನಬಹುದಿತ್ತು. ಆಗ ಅವಳ ಕುರ್ಚಿಗೆ ಇನ್ನೊಬ್ಬರು ಬಂದು ಒತ್ತುತ್ತಿದ್ದರು. ನಿಯಮವೇ ಬದಲಾಗಬೇಕಿತ್ತು, ಅದೂ ಎಂಟು ದಿನದೊಳಗೆ. ಅವಳು ಹನ್ನೆರಡು ವರ್ಷದ ದಾಖಲೆಗಳನ್ನು ಮಕ್ಕಳ ಹೆಸರಿನಿಂದಲ್ಲ, ಪಾಠದ ಹೆಸರಿನಿಂದ ಜೋಡಿಸಿ ನೋಡಿದಳು. ಹಾಗೆ ಯಾರೂ ನೋಡಿರಲಿಲ್ಲ. ಮಂಕಾದ ಒಂದೊಂದು ದೀಪದ ಎದುರಿಗೂ ಒಂದು ಪಾಠ ಇತ್ತು, ಆ ಪಾಠವನ್ನು ಸರಾಸರಿ ಹದಿನಾಲ್ಕು ಸಲ ಹೇಳಲಾಗಿತ್ತು. ಹದಿನಾಲ್ಕೂ ಸಲ ಅದೇ ಮಾತು, ಅದೇ ಕ್ರಮ. ಅವಳಿಗೆ ನಗು ಬಂತು. ಆಮೇಲೆ ಒಂದು ಉಪಾಯವೂ ಹೊಳೆಯಿತು.

ತೊಂಬತ್ತನೆಯ ದಿನ ಹನ್ನೊಂದು ಗಂಟೆಗೆ ಕೇಂದ್ರದ ಸಭೆ ಸೇರಿತು. ಡಾ. ಗಲಗಲಿ, ಸಂಖ್ಯಾಶಾಸ್ತ್ರದ ಪ್ರೊಫೆಸರ್ ಹಿರೇಗೌಡರ, ರಾಜಧಾನಿಯಿಂದ ಬಂದ ಇಬ್ಬರು ಅಧಿಕಾರಿಗಳು. ಮೇಜಿನ ಮೇಲೆ ನಾಲ್ಕು ಆಜ್ಞೆಗಳು. ನೀಲಾಂಬಿಕಾ ಒಳಗೆ ಬಂದಳು. ಅವಳ ಹಿಂದೆ ಹೂವಿನ ಬುಟ್ಟಿ ಹೊತ್ತು ದಾನಮ್ಮ ಬಂದಳು. ಮುದ್ರೆ ಒತ್ತುವ ಮೊದಲು ಒಂದು ಚಿಕ್ಕ ಪ್ರಯೋಗಕ್ಕೆ ಹದಿನೈದು ನಿಮಿಷ ಬೇಕೆಂದು ನೀಲಾಂಬಿಕಾ ಕೇಳಿಕೊಂಡಳು. ವಿಜ್ಞಾನಿಗಳು ಪ್ರಯೋಗ ಎಂದರೆ ಇಲ್ಲ ಎನ್ನುವುದುಂಟೇ? ನಾಲ್ವರೂ ಹಣೆಗೆ ಪಟ್ಟಿ ಕಟ್ಟಿಕೊಂಡರು. ಎದುರಿಗೆ ನಾಲ್ಕು ದೀಪ ಇಟ್ಟು, ಒಬ್ಬೊಬ್ಬರಿಗೂ ಒಂದು ಹಿಡಿ ಸೇವಂತಿಗೆ, ಒಂದೆಳೆ ನಾರು ಕೊಟ್ಟಳು. ಪಾಠ ಹೂ ಕಟ್ಟುವುದು. ಹೇಳಿಕೊಡುವವಳು ದಾನಮ್ಮ. ವೈನಿಗೆ ಒಂದೇ ಷರತ್ತು: ಕೈ ಕಟ್ಟಿಕೊಂಡು, ಬಾಯಲ್ಲಿ ಮಾತ್ರ ಹೇಳಬೇಕು.

ದಾನಮ್ಮ ಸೆರಗಿನೊಳಗೆ ಕೈ ಕಟ್ಟಿಕೊಂಡು ಹೇಳಿದಳು. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ನಾರನ್ನು ಸುತ್ತಿ ಒಳಗಿನಿಂದ ಎಳೆಯಿರಿ. ನಾಲ್ವರೂ ಸುತ್ತಿದರು, ಎಳೆದರು. ಹೂಗಳು ಉದುರಿ ಮೇಜಿನ ಮೇಲೆ ಬಿದ್ದವು. ದಾನಮ್ಮ ಅದೇ ಮಾತನ್ನು ಮತ್ತೆ ಹೇಳಿದಳು. ಮತ್ತೆ ಉದುರಿದವು. ಐದನೆಯ ಸಲಕ್ಕೆ ಡಾ. ಗಲಗಲಿಯವರ ಹಣೆಯ ಪಟ್ಟಿ ಬೆವರಿನಿಂದ ಒದ್ದೆಯಾಗಿತ್ತು. ಮಿದುಳಿನ ಅಲೆಗಳ ಮೇಲೆ ಮೂರು ಪುಸ್ತಕ ಬರೆದವರು ಒಂದು ಗಂಟು ಹಾಕಲಾರದೆ ಮುಖ ಕೆಂಪಗೆ ಮಾಡಿಕೊಂಡಿದ್ದರು. ದೀಪಗಳು ನಾಲ್ಕೂ ಮಂಕು.

ನೀಲಾಂಬಿಕಾ ಗಡಿಯಾರ ನೋಡಿ, ನಿಯಮ ಓದುವ ದನಿಯಲ್ಲಿ ಕೇಳಿದಳು.

“ನಾಕೂ ದೀಪ ಹತ್ತಲಿಲ್ಲ ವೈನಿ. ಇವರನ್ನ ಯಾವ ನಿಲಯಕ್ಕ ಕಳಸೂಣು?”

ದಾನಮ್ಮನಿಗೆ ಈ ಪ್ರಶ್ನೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಅವಳು ನಾದಿನಿಯ ಮುಖವನ್ನು ಹುಚ್ಚು ಹಿಡಿದವರನ್ನು ನೋಡುವ ಹಾಗೆ ನೋಡಿದಳು.

“ಎಲ್ಲಿ ಕಳಸೂದು? ನಾ ಕೈ ಕಟ್ಟಿಕೊಂಡು ಹೇಳಿದ್ರ ಅವರಿಗೆ ಹೆಂಗ ತಿಳೀಬೇಕು, ಪಾಪ. ತಪ್ಪು ನಂದೈತಿ. ನೀ ಅತ್ತಾಗ ಸರಿ.”

ಹೀಗೆಂದವಳೇ ಅವಳು ಸೆರಗು ಸಿಕ್ಕಿಸಿ, ಡಾ. ಗಲಗಲಿಯವರ ಹಿಂದೆ ಹೋಗಿ ನಿಂತು, ಅವರ ಬೆರಳುಗಳನ್ನು ತನ್ನ ಬೆರಳಿನಿಂದ ಹಿಡಿದು ನಾರನ್ನು ಒಮ್ಮೆ ಸುತ್ತಿಸಿದಳು, ಎಳೆಸಿದಳು. ಇನ್ನೊಮ್ಮೆ. ಮೂರನೆಯ ಸಲ ಕೈ ಬಿಟ್ಟಳು. ಹೂ ನಿಂತಿತು. ದೀಪ ಹಸಿರಾಗಿ ಹತ್ತಿತು. ಅರವತ್ತು ದಾಟಿದ ಆ ಮನುಷ್ಯ ತನ್ನದೇ ದೀಪವನ್ನು ನೋಡಿ ಕೂಸಿನ ಹಾಗೆ ನಕ್ಕರು. ಒಬ್ಬ ಅಧಿಕಾರಿಗೆ ದಾನಮ್ಮ ದಪ್ಪ ದಾರದಲ್ಲಿ ತೋರಿಸಿದಳು. ಇನ್ನೊಬ್ಬರು ಎಡಗೈಯವರೆಂದು ಗುರುತಿಸಿ ಎಲ್ಲವನ್ನೂ ತಿರುವು ಮುರುವು ಮಾಡಿ ತೋರಿಸಿದಳು. ಎರಡೂ ಹತ್ತಿದವು.

ಉಳಿದವರು ಪ್ರೊಫೆಸರ್ ಹಿರೇಗೌಡರ. ಅವರಿಗೆ ಕೈ ಹಿಡಿದು ತೋರಿಸಿದರೂ ಆಗಲಿಲ್ಲ, ದಾರದಲ್ಲೂ ಆಗಲಿಲ್ಲ, ಎಣಿಸಿ ಹೇಳಿದರೂ ಆಗಲಿಲ್ಲ. ಹೂಗಳು ಉದುರುತ್ತಲೇ ಇದ್ದವು. ಕೊನೆಗೆ ಅವರು ನಾರನ್ನು ಮೇಜಿನ ಮೇಲಿಟ್ಟು ಕುರ್ಚಿ ಹಿಂದೆ ಸರಿಸಿದರು.

“ನನಗ ಇದು ಬರೂದಲ್ಲ ಬಿಡವಾ ತಂಗಿ.”

ಇದು ನೀಲಾಂಬಿಕಾ ಯೋಚಿಸಿ ಇಟ್ಟದ್ದಲ್ಲ. ನಾಲ್ಕೂ ಹತ್ತುತ್ತವೆ, ಪಾಠ ಬದಲಿಸಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ತೋರಿಸಿ ಗೆಲ್ಲಬೇಕೆಂದಿದ್ದಳು. ಹತ್ತದ ದೀಪವನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ದಾನಮ್ಮ ಮಾತ್ರ ಉದುರಿದ ಹೂಗಳನ್ನು ಮತ್ತೆ ಪ್ರೊಫೆಸರರ ಮುಂದೆ ಗುಡ್ಡೆ ಮಾಡಿ, ಅವರ ಪಕ್ಕದ ಕುರ್ಚಿಯಲ್ಲಿ ತಾನೂ ಕುಳಿತಳು.

“ಬರದಿದ್ರ ಏನಾತ್ರಿ? ಏಳಬ್ಯಾಡ್ರಿ, ಕುಂಡ್ರಿ. ಎಲ್ಲಾರೂ ಮಾತಾಡಕೋಂತ ಕಟ್ಟೂಣು.”

ಪ್ರೊಫೆಸರರು ಕುಳಿತರು. ಎಲ್ಲರಿಗಿಂತ ಮೊದಲು ಅವರೇ ಕೈ ಚಾಚಿ ಮೇಜಿನ ನಡುವಿನ ಆಜ್ಞೆಗಳನ್ನು ಎತ್ತಿಕೊಂಡರು, ಒಂದೊಂದೇ ಹೆಸರು ಓದಿದರು, ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಚರ್ಚೆ ನಡೆಯಿತು, ನಡೆಯದೆ ಇರುತ್ತದೆಯೇ? ಒಂದು ಮಗುವಿಗಾಗಿ ಉಳಿದವರು ವರ್ಷವಿಡೀ ಒಂದೇ ಪಾಠದಲ್ಲಿ ನಿಂತರೆ ಅವರಿಗೆ ಅನ್ಯಾಯವಲ್ಲವೇ ಎಂದು ಡಾ. ಗಲಗಲಿ ಕೇಳಿದರು. ನಿಲ್ಲುವುದು ಬೇಡ, ಮುಂದೆ ಹೋಗಲಿ, ಆದರೆ ಬೇರೆ ದಾರಿ ಹಿಡಿದು ತಿರುಗಿ ಬರಲಿ ಎಂದು ನೀಲಾಂಬಿಕಾ ಹೇಳಿದಳು. ಹಿಂದಿನ ದಾಖಲೆ ತೋರಿಸಿದಳು: ಎರಡನೆಯ ದಾರಿಯಲ್ಲಿ ಪಾಠ ಹೇಳಿದ ಅಪರೂಪದ ಕಡೆಗಳಲ್ಲೆಲ್ಲ, ಮೊದಲೇ ತಿಳಿದಿದ್ದ ಮಕ್ಕಳ ದೀಪವೂ ಇನ್ನಷ್ಟು ಗಟ್ಟಿಯಾಗಿ ಹತ್ತಿತ್ತು. ಎಷ್ಟು ದಾರಿ ಹಿಡಿದರೂ ತಿಳಿಯದೆ ಹೋದರೆ, ಎಂದು ಅಧಿಕಾರಿಯೊಬ್ಬರು ಕೇಳಿದರು. ಆ ಮಾತಿಗೆ ನೀಲಾಂಬಿಕಾಳ ದನಿ ಸ್ವಲ್ಪ ಏರಿತು.

“ತಿಳೀದೇ ಹೋಗಬಹುದ್ರಿ. ಲಗಮವ್ವಗ ಭಿನ್ನರಾಶಿ ಎಂದೂ ಬರದೇ ಹೋಗಬಹುದು. ಆದ್ರೂ ಅಕಿ ಅಲ್ಲೇ ಕುಂಡ್ರತಾಳ. ಸಾಲ್ಯಾಗಿನ ಜಾಗಾ ಬಹುಮಾನ ಅಲ್ಲರೀ ಸರ, ಗೆದ್ದವರಿಗೆ ಕೊಡಾಕ. ಹನ್ನೆರಡು ವರ್ಷ ಮಕ್ಕಳನ್ನ ಅಳೆದೇವಿ. ಪಾಠಾನ ಒಂದು ದಿನಾನೂ ಅಳೆದಿಲ್ಲ.”

ಡಾ. ಗಲಗಲಿ ತಮ್ಮ ಹಣೆಯ ಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

“ನನ್ನ ತಮ್ಮ ಕಾಣಸಲೀ ಅಂತ ಈ ದೀಪಾ ಮಾಡಿದ್ದೆ,” ಎಂದರು. “ಮಾಡಿದ್ದು ಖರೆ ಅದ. ಇಟ್ಟದ್ದು ಮಾತ್ರ ತಪ್ಪು ಜಾಗಾದಾಗ, ನೀಲಾಂಬಿಕಾ.”

ತೊಂಬತ್ತು ದಿನದ ನಿಯಮ ಅಂದೇ ರದ್ದಾಯಿತು. ನಲವತ್ತು ಶಾಲೆಗಳ ಡೆಸ್ಕುಗಳಿಂದ ಐದು ಸಾವಿರ ದೀಪಗಳನ್ನು ಕಳಚಿದರು. ಹಣೆಯ ಪಟ್ಟಿಗಳು ಉಳಿದವು, ದೀಪ ಮಾತ್ರ ತರಗತಿಗೆ ಒಂದೇ, ಅದೂ ಕರಿಹಲಗೆಯ ನೆತ್ತಿಗೆ, ಮಾಸ್ತರರ ಕಣ್ಣಿಗೆ ಕುಕ್ಕುವ ಹಾಗೆ. ಪಾಠ ಎಲ್ಲರನ್ನೂ ಮುಟ್ಟಿದರೆ ಹಸಿರು. ಒಬ್ಬರನ್ನಾದರೂ ಬಿಟ್ಟಿದ್ದರೆ ಹಳದಿ. ಯಾರನ್ನು ಬಿಟ್ಟಿದೆ ಎಂಬುದು ಮಾಸ್ತರರಿಗೆ ಮಾತ್ರ ಗೊತ್ತು. ಅನುಕೂಲ ನಿಲಯಕ್ಕೂ ಪತ್ರ ಹೋಯಿತು. ಮುದ್ರೆ ಒತ್ತಿಸಿಕೊಂಡು ಹೋದವರಲ್ಲಿ ಇನ್ನೂ ಅಲ್ಲಿಯೇ ಇದ್ದ ಮೂವತ್ತೊಂದು ಮಕ್ಕಳ ಹೆತ್ತವರಿಗೆ ನೀಲಾಂಬಿಕಾ ತಾನೇ ಫೋನು ಮಾಡಿ, ತಪ್ಪಾಯಿತೆಂದು ಹೇಳಿ, ಮಕ್ಕಳನ್ನು ಕರೆತರಲು ಬಸ್ಸು ಕಳಿಸಿದಳು. ಒಬ್ಬ ತಾಯಿ ಅವಳನ್ನು ಅರ್ಧ ತಾಸು ಬೈದಳು. ಅವಳು ಪೂರ್ತಿ ಕೇಳಿಸಿಕೊಂಡಳು.

ಹೊಸ ದೀಪದಿಂದ ಎಲ್ಲರಿಗಿಂತ ಹೆಚ್ಚು ಕಂಗಾಲಾದವರು ಮಾಚಕನೂರ ಮಾಸ್ತರರು. ಮೂವತ್ತು ವರ್ಷ ಮಕ್ಕಳ ಪರೀಕ್ಷೆ ಮಾಡಿದೆ, ಈಗ ಮಕ್ಕಳೆದುರಿಗೆ ನನ್ನ ಪರೀಕ್ಷೆ ನಡೆದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅರ್ಧ ಎಂದರೇನು ಎಂಬ ಪಾಠಕ್ಕೆ ದೀಪ ಹಳದಿಯಾಗಿ ನಿಂತುಬಿಟ್ಟಿತ್ತು. ಜೋರಾಗಿ ಹೇಳಿ ನೋಡಿದರು, ಹಳದಿ. ಚಿತ್ರ ಬರೆದರು, ಹಳದಿ. ಹಾಡು ಕಟ್ಟಿ ಹಾಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು, ದೀಪ ಹಳದಿಯೇ. ಬಾಕಿ ಪಾಠಗಳು ಮುಂದೆ ಹೋದವು, ದಿನಕ್ಕೊಮ್ಮೆ ಅವರು ಅರ್ಧಕ್ಕೆ ತಿರುಗಿ ಬಂದರು. ಹನ್ನೊಂದನೆಯ ದಿನ ಅವರ ಉಪಾಯಗಳೆಲ್ಲ ಮುಗಿದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ಸೀಮೆಸುಣ್ಣ ಹಿಡಿದ ಕೈ ಇಳಿಬಿಟ್ಟು, ಲಗಮವ್ವನ ಡೆಸ್ಕಿನ ಮುಂದೆ ಮೊಣಕಾಲೂರಿ ಕುಳಿತು, ಊರಿಗೆ ಕೇಳದ ದನಿಯಲ್ಲಿ ಕೇಳಿದರು.

“ನಿನಗ ಹೆಂಗ ಹೇಳಲವ್ವಾ?”

ತರಗತಿಯ ಕ್ಯಾಮೆರಾದಿಂದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನೀಲಾಂಬಿಕಾ ಇದನ್ನು ನೋಡುತ್ತಿದ್ದಳು. ಲಗಮವ್ವ ಮಾಸ್ತರರ ಮುಖವನ್ನೇ ನೋಡಿದಳು. ತನ್ನನ್ನು ಯಾರೂ ಏನನ್ನೂ ಹೀಗೆ ಕೇಳಿದ್ದು ಅವಳಿಗೆ ನೆನಪಿರಲಿಕ್ಕಿಲ್ಲ. ಆಮೇಲೆ ಅವರ ಕೈಯಿಂದ ಸೀಮೆಸುಣ್ಣವನ್ನು ತೆಗೆದುಕೊಂಡಳು, ಎರಡೂ ಕೈಯಲ್ಲಿ ಹಿಡಿದು ಲಟಕ್ಕನೆ ಮುರಿದಳು, ಒಂದು ತುಂಡನ್ನು ತಾನಿಟ್ಟುಕೊಂಡು ಇನ್ನೊಂದನ್ನು ಮಾಸ್ತರರ ಅಂಗೈಯಲ್ಲಿ ಇಟ್ಟಳು.

ತರಗತಿ ಒಂದೇ ಕೊರಳಿನಲ್ಲಿ ‘ಅರ್ಧ’ ಎಂದು ಕೂಗಿತು. ಮಾಸ್ತರರು ಅಂಗೈಯಲ್ಲಿನ ತುಂಡನ್ನು ನೋಡುತ್ತ ನೆಲದ ಮೇಲೆಯೇ ಕುಳಿತುಬಿಟ್ಟರು. ಮಕ್ಕಳು ಸೀಮೆಸುಣ್ಣದ ಪೆಟ್ಟಿಗೆಗೆ ಮುಗಿಬಿದ್ದರು. ನೀಲಾಂಬಿಕಾ ಕುರ್ಚಿಯಿಂದ ಎದ್ದು, ಕೊಠಡಿಯಲ್ಲಿದ್ದವರನ್ನೆಲ್ಲ ಕೂಗಿ ಕರೆದು ಪರದೆ ತೋರಿಸಿದಳು. ಆ ಗದ್ದಲದಲ್ಲಿ ಕರಿಹಲಗೆಯ ಮೇಲಿನ ದೀಪ ಯಾವ ಬಣ್ಣಕ್ಕೆ ತಿರುಗಿತೆಂದು ಯಾರೂ ತಲೆ ಎತ್ತಿ ನೋಡಲಿಲ್ಲ. ಮರುದಿನ ಕೆಂಪಗಟ್ಟಿಯ ಶಾಲೆಯಲ್ಲಿ ಒಂದೇ ಒಂದು ಇಡೀ ಸೀಮೆಸುಣ್ಣವೂ ಉಳಿದಿರಲಿಲ್ಲ.